ಕೈತೋಟದ ಟೊಮೆಟೊ ಮತ್ತು ಆಲೂಗಡ್ಡೆಯ ಅಂಗಮಾರಿ ರೋಗ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ

ಅಂಗಮಾರಿ ರೋಗವು ಟೊಮೆಟೊ ಮತ್ತು ಆಲೂಗಡ್ಡೆ ಗಿಡಗಳ ಎಲೆ, ಕಾಂಡ, ಕಾಯಿ ಹಾಗೂ ಗಡ್ಡೆಗಳನ್ನು ಕಂದು ಮಚ್ಚೆಗಳಿಂದ ಸುಟ್ಟಂತೆ ಒಣಗಿಸುವ ಅಥವಾ ಕೊಳೆಸುವ, ಸೂಕ್ಷ್ಮಜೀವಿಗಳಿಂದ ಬರುವ ಸಸ್ಯರೋಗ. ಇದರಲ್ಲಿ ಮುಖ್ಯವಾದವು ಎರಡು: ಆಲ್ಟರ್ನೇರಿಯಾ ಶಿಲೀಂಧ್ರದಿಂದ ಬರುವ ಮುಂಚಿನ ಅಂಗಮಾರಿ ಮತ್ತು ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಎಂಬ ಜೀವಿಯಿಂದ ಬರುವ ಕೊನೆ ಅಂಗಮಾರಿ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳ ಒಣ ಹವೆಯಲ್ಲಿ ಮುಂಚಿನ ಅಂಗಮಾರಿಗೆ ಅನುಕೂಲ ಹೆಚ್ಚು. ಕೊನೆ ಅಂಗಮಾರಿ ಹರಡಲು ಇಲ್ಲಿ ಮೋಡ, ಜಿಟಿಜಿಟಿ ಮಳೆ ಮತ್ತು ತಂಪು ಒಟ್ಟಿಗೆ ಬರಬೇಕು. ಎರಡಕ್ಕೂ ಬೇಕಾದದ್ದು ಎಲೆಯ ಮೇಲೆ ನಿಲ್ಲುವ ತೇವ. ಹಿತ್ತಲಿನಲ್ಲಿ ಅನುಸರಿಸುವ ಬಹುತೇಕ ತಡೆಕ್ರಮಗಳ ಉದ್ದೇಶ ಎಲೆಯನ್ನು ಒಣಗಿಡುವುದು ಮತ್ತು ರೋಗದ ಮೂಲವನ್ನು ತೋಟದಿಂದ ದೂರವಿಡುವುದು.

ಪರಿಭಾಷೆ

ಈ ಲೇಖನದಲ್ಲಿ ‘ಮುಂಚಿನ ಅಂಗಮಾರಿ’ ಎಂದರೆ ಆಲ್ಟರ್ನೇರಿಯಾದಿಂದ ಬರುವ, ಉಂಗುರ ಗೆರೆಗಳುಳ್ಳ ಮಚ್ಚೆ ರೋಗ. ‘ಕೊನೆ ಅಂಗಮಾರಿ’ ಎಂದರೆ ಫೈಟಾಫ್ತೊರಾದಿಂದ ಬರುವ, ನೀರು ನೆನೆದಂಥ ಮಚ್ಚೆಗಳ ರೋಗ. ಕೊನೆ ಅಂಗಮಾರಿಯನ್ನು ಕೆಲವು ಕೃಷಿ ಪ್ರಕಟಣೆಗಳು ‘ತಡ ಅಂಗಮಾರಿ’ ಎಂದೂ ಕರೆಯುತ್ತವೆ. ‘ಸ್ಪರ್ಶ ಶಿಲೀಂಧ್ರನಾಶಕ’ ಎಂದರೆ ಎಲೆಯ ಮೇಲ್ಮೈಯಲ್ಲಷ್ಟೇ ಉಳಿದು ಬೀಜಕಣ ಮೊಳೆಯದಂತೆ ತಡೆಯುವ ಔಷಧ. ‘ಅಂತರ್ವ್ಯಾಪಿ ಶಿಲೀಂಧ್ರನಾಶಕ’ ಎಂದರೆ ಎಲೆಯೊಳಗೆ ಸೇರಿ ಕೆಲಸ ಮಾಡುವ ಔಷಧ.

ಮೂಲ ಮತ್ತು ಇತಿಹಾಸ

ಟೊಮೆಟೊ ಮತ್ತು ಆಲೂಗಡ್ಡೆ ಎರಡೂ ಅಮೆರಿಕ ಖಂಡದ ಸಸ್ಯಗಳು. ಬದನೆ ಮತ್ತು ಮೆಣಸಿನಕಾಯಿಯಂತೆ ಸೊಲನೇಸಿ ಕುಟುಂಬಕ್ಕೆ ಸೇರಿದವು. ಕೊನೆ ಅಂಗಮಾರಿಯ ಜೀವಿಯೂ ಅಮೆರಿಕ ಖಂಡದ್ದೇ. ಅದರ ತವರು ಮಧ್ಯ ಮೆಕ್ಸಿಕೊದ ಟೊಲುಕಾ ಕಣಿವೆಯೋ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶವೋ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. 1845ರಲ್ಲಿ ಯುರೋಪಿನಲ್ಲಿ ಹಬ್ಬಿದ ಈ ರೋಗ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿತು. 1852ರವರೆಗೆ ಮುಂದುವರಿದ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಪ್ರಮಾಣದ ಜನ ದೇಶ ಬಿಟ್ಟರು. ಅದೇ 1845ರಲ್ಲಿ ಫ್ರಾನ್ಸಿನ ಮೊಂಟಾನ್ ಈ ಜೀವಿಯನ್ನು ವಿವರಿಸಿದರು. ಜರ್ಮನ್ ವಿಜ್ಞಾನಿ ಆಂಟನ್ ಡಿ ಬಾರಿ 1876ರಲ್ಲಿ ಅದಕ್ಕೆ ಫೈಟಾಫ್ತೊರಾ ಎಂಬ ಕುಲನಾಮ ಕೊಟ್ಟರು.

ಭಾರತದಲ್ಲಿ ಕೊನೆ ಅಂಗಮಾರಿ ಮೊದಲು ಕಂಡದ್ದು 1870ರಿಂದ 1880ರ ನಡುವೆ, ನೀಲಗಿರಿ ಬೆಟ್ಟಗಳಲ್ಲಿ. ಕರ್ನಾಟಕದಲ್ಲಿ ಇದರ ಹೊಡೆತ ಹೆಚ್ಚು ಬಿದ್ದದ್ದು ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ ಹಾಸನ ಜಿಲ್ಲೆಗೆ. 2009–10ರ ಸುಮಾರಿಗೆ ದಕ್ಷಿಣ ಭಾರತದ ಟೊಮೆಟೊ ತೋಟಗಳಲ್ಲೂ ಕೊನೆ ಅಂಗಮಾರಿ ತೀವ್ರವಾಗಿ ಹಬ್ಬಿತು. ರೋಗದ ಮಾದರಿಗಳನ್ನು ಪರೀಕ್ಷಿಸಿದಾಗ, ಯುರೋಪಿನಲ್ಲಿ 2004ರಲ್ಲಿ ಗುರುತಿಸಲಾದ ‘13_ಎ2’ ಎಂಬ ಆಕ್ರಮಣಕಾರಿ ವಂಶ ಇಲ್ಲಿ ನೆಲೆಸಿರುವುದು ಗೊತ್ತಾಯಿತು. ಟೊಮೆಟೊ, ಆಲೂಗಡ್ಡೆ ಎರಡನ್ನೂ ಹಿಡಿಯುವ ಈ ವಂಶ ಮೆಟಲಾಕ್ಸಿಲ್ ಔಷಧಕ್ಕೆ ಮಣಿಯುವುದಿಲ್ಲ.

ಮುಂಚಿನ ಅಂಗಮಾರಿಯ ಶಿಲೀಂಧ್ರವನ್ನು 1882ರಲ್ಲಿ ಅಮೆರಿಕದಲ್ಲಿ ಆಲೂಗಡ್ಡೆ ಎಲೆಯ ಮೇಲೆ ಗುರುತಿಸಲಾಯಿತು. ಆಲ್ಟರ್ನೇರಿಯಾ ಸೊಲಾನಿ ಎಂಬ ಹೆಸರು 1896ರಲ್ಲಿ ಬಂತು. ಟೊಮೆಟೊವನ್ನು ಹೆಚ್ಚಾಗಿ ಬಾಧಿಸುವ ಸಮೀಪದ ಪ್ರಭೇದಕ್ಕೆ ಈಗ ಆಲ್ಟರ್ನೇರಿಯಾ ಲೈನಾರಿಯೆ ಎಂದು ಹೆಸರು.

ರೋಗಕಾರಕಗಳ ರಚನೆ ಮತ್ತು ಜೀವನಚಕ್ರ

ಆಲ್ಟರ್ನೇರಿಯಾ ನಿಜವಾದ ಶಿಲೀಂಧ್ರ. ಇದರ ಬೀಜಕಣಗಳು ಕಂದು ಬಣ್ಣದವು, ಉದ್ದ ಬಾಲವುಳ್ಳವು, ಹಲವು ಕೋಣೆಗಳವು. ಒಣಗಿದ ಎಲೆ, ಕಡ್ಡಿ, ಬಿದ್ದ ಕಾಯಿ ಮತ್ತು ಬೀಜದಲ್ಲಿ ಇದು ಒಂದು ಬೆಳೆಯಿಂದ ಇನ್ನೊಂದಕ್ಕೆ ಉಳಿದುಕೊಳ್ಳುತ್ತದೆ. ಗಾಳಿ ಮತ್ತು ಮಣ್ಣಿನಿಂದ ಚಿಮ್ಮುವ ಮಳೆಹನಿಗಳ ಮೂಲಕ ಮೊದಲು ಕೆಳಗಿನ ಹಳೆಯ ಎಲೆಗಳನ್ನು ಸೇರುತ್ತದೆ. 24ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇದಕ್ಕೆ ಹೇಳಿಮಾಡಿಸಿದ್ದು. ಒಮ್ಮೆ ಒದ್ದೆ, ಒಮ್ಮೆ ಒಣ ಎಂಬ ಹವೆಯಲ್ಲೂ ಇದು ಬೆಳೆಯಬಲ್ಲದು; ರಾತ್ರಿಯ ಇಬ್ಬನಿ ಇದಕ್ಕೆ ಸಾಕು.

ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ನೋಡಲು ಶಿಲೀಂಧ್ರದಂತಿದ್ದರೂ ಊಮೈಸೀಟ್ ಎಂಬ ಬೇರೆ ಗುಂಪಿಗೆ ಸೇರಿದ ಜೀವಿ. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಇನ್ನೊಂದು ಪ್ರಭೇದ. ಇದರ ಬೀಜಕಣ ಚೀಲಗಳು ನಿಂಬೆಹಣ್ಣಿನ ಆಕಾರದವು. ಹವೆ 12ರಿಂದ 15 ಡಿಗ್ರಿಯಷ್ಟು ತಂಪಾಗಿದ್ದರೆ ಪ್ರತಿ ಚೀಲವೂ ಒಡೆದು, ನೀರಿನಲ್ಲಿ ಈಜುವ ಹಲವು ಬೀಜಕಣಗಳನ್ನು ಬಿಡುತ್ತದೆ. 20 ಡಿಗ್ರಿಗಿಂತ ಹೆಚ್ಚಿದ್ದರೆ ಚೀಲವೇ ನೇರವಾಗಿ ಮೊಳೆಯುತ್ತದೆ. ತಂಪು ಹವೆಯಲ್ಲಿ ಸೋಂಕು ಹಲವು ಪಟ್ಟು ವೇಗವಾಗಿ ಹೆಚ್ಚುವುದು ಇದರಿಂದ. ಸೋಂಕು ತಗುಲಿದ 3ರಿಂದ 7 ದಿನಗಳಲ್ಲಿ ಮಚ್ಚೆ ಕಾಣಿಸಿ, ಹೊಸ ಬೀಜಕಣಗಳು ಗಾಳಿಗೆ ಸೇರುತ್ತವೆ. ಎ1 ಮತ್ತು ಎ2 ಎಂಬ ಎರಡು ಲೈಂಗಿಕ ಮಾದರಿಗಳು ಸೇರಿದಲ್ಲಿ ಮಾತ್ರ ಮಣ್ಣಿನಲ್ಲಿ ದೀರ್ಘಕಾಲ ಬಾಳುವ ಗಟ್ಟಿ ಬೀಜಕಣಗಳು ಹುಟ್ಟುತ್ತವೆ. ಅದಿಲ್ಲದಿದ್ದರೆ ಈ ಜೀವಿ ಉಳಿಯಲು ಜೀವಂತ ಅಂಗಾಂಶ ಬೇಕು: ಸೋಂಕಿನ ಗಡ್ಡೆ, ತಾನೇ ಹುಟ್ಟಿದ ಟೊಮೆಟೊ ಗಿಡ ಅಥವಾ ಅದೇ ಕುಟುಂಬದ ಕಳೆ.

ಪ್ರದೇಶ ಮತ್ತು ಹವಾಮಾನ

ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ 2021ರಲ್ಲಿ ರಚಿಸಿದ ವಿಜಯನಗರ ಜಿಲ್ಲೆಯ ಆರು ತಾಲೂಕುಗಳಲ್ಲಿ ಹೊಸಪೇಟೆ ಬಿಟ್ಟು ಉಳಿದ ಐದು ಈ ಲೇಖನದ ವ್ಯಾಪ್ತಿಗೆ ಬರುತ್ತವೆ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿತ್ತು. ಈ ಭಾಗವನ್ನು ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ಉತ್ತರ ಒಣ ವಲಯಕ್ಕೆ ಸೇರಿಸಲಾಗಿದೆ. ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ ಬೀಳುತ್ತದೆ. ಕೂಡ್ಲಿಗಿ ಕಡೆ ಕೆಂಪು ಮಣ್ಣು ಹೆಚ್ಚು. ಹಡಗಲಿಯ ತುಂಗಭದ್ರಾ ದಂಡೆಯ ಕಡೆ ಕಪ್ಪು ಮಣ್ಣು, ಅಂದರೆ ಎರೆ ಭೂಮಿ, ಸಾಮಾನ್ಯ. ಎರೆ ಭೂಮಿಯಲ್ಲಿ ನೀರು ಬೇಗ ಇಂಗದೆ ನಿಲ್ಲುವುದರಿಂದ ಗಿಡದ ಬುಡದಲ್ಲಿ ತೇವ ಹೆಚ್ಚು ಹೊತ್ತು ಉಳಿಯುತ್ತದೆ. ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲೂಕುಗಳ ಕೆಲವು ಭಾಗಗಳನ್ನು ತುಂಗಭದ್ರಾ ಜಲಾಶಯದ ಹಿನ್ನೀರು ಮುಟ್ಟುತ್ತದೆ.

ರೋಗದ ದೃಷ್ಟಿಯಿಂದ ವರ್ಷವನ್ನು ನಾಲ್ಕು ಕಾಲಗಳಾಗಿ ವಿಂಗಡಿಸಬಹುದು.

ಜೂನ್–ಆಗಸ್ಟ್: ಗಾಳಿ ಜೋರು, ಮಳೆ ಬಿಡಿಬಿಡಿ. ಎಲೆ ಬೇಗ ಒಣಗುತ್ತದೆ. ಮುಂಚಿನ ಅಂಗಮಾರಿಯ ಮೊದಲ ಮಚ್ಚೆಗಳು ಹಳೆಯ ಎಲೆಗಳಲ್ಲಿ ಕಾಣಬಹುದು.

ಸೆಪ್ಟೆಂಬರ್–ಅಕ್ಟೋಬರ್: ಮಳೆ ಹೆಚ್ಚು, ಉಷ್ಣಾಂಶ ಮಧ್ಯಮ. ಮುಂಗಾರಿನಲ್ಲಿ ನೆಟ್ಟ ಟೊಮೆಟೊ ಕಾಯಿ ತುಂಬಿ ನಿಂತಿರುವ ಸಮಯ. ಮುಂಚಿನ ಅಂಗಮಾರಿಗೆ ಇದು ಮುಖ್ಯ ಕಾಲ.

ನವೆಂಬರ್–ಜನವರಿ: ರಾತ್ರಿ ತಂಪು, ಬೆಳಗಿನ ಇಬ್ಬನಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು ಮೂರು ದಿನ ಮೋಡ ಕವಿದು ತುಂತುರು ಬಿದ್ದರೆ ಕೊನೆ ಅಂಗಮಾರಿಗೆ ಬಾಗಿಲು ತೆರೆದಂತೆ.

ಫೆಬ್ರುವರಿ–ಮೇ: ಬಿಸಿಲು ಏರುತ್ತದೆ, ಗಾಳಿ ಒಣ. ಕೊನೆ ಅಂಗಮಾರಿ ಹಬ್ಬುವುದಿಲ್ಲ. ಈ ಕಾಲವನ್ನು ಮಣ್ಣನ್ನು ಬಿಸಿಲಿಗೆ ಕಾಯಿಸಲು ಬಳಸಿಕೊಳ್ಳಬಹುದು.

ಬೆಳೆಗಳ ಸ್ಥಿತಿ

ಹಿತ್ತಲು, ತಾರಸಿ ಕುಂಡ ಮತ್ತು ಶಾಲೆ, ಅಂಗನವಾಡಿಗಳ ಕೈತೋಟಗಳಿಗೆ ಟೊಮೆಟೊ ಒಗ್ಗುವ ಬೆಳೆ. ಬಚ್ಚಲ ನೀರು ಹರಿಯುವ ಕಡೆ ಬಿದ್ದ ಬೀಜದಿಂದ ತಾನೇ ಹುಟ್ಟುವ ಗಿಡಗಳೂ ಉಂಟು. ಆಲೂಗಡ್ಡೆ ಈ ಸೀಮೆಯ ಸಾಂಪ್ರದಾಯಿಕ ಬೆಳೆಯಲ್ಲ. ರಾಜ್ಯದಲ್ಲಿ ಅದು ಹಾಸನ, ಚಿಕ್ಕಮಗಳೂರು, ಕೋಲಾರ, ಚಿಕ್ಕಬಳ್ಳಾಪುರ, ಬೆಳಗಾವಿ ಮತ್ತು ಧಾರವಾಡ ಕಡೆಯ ಬೆಳೆ. ಇಲ್ಲಿ ಮನೆಮಟ್ಟಿಗೆ ಬೆಳೆಯುವುದಾದರೆ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ನೆಡುವುದು ಸೂಕ್ತ. ಗಡ್ಡೆ ಕಟ್ಟಲು ರಾತ್ರಿಯ ತಂಪು ಬೇಕು. ಬೆಳೆ 90ರಿಂದ 100 ದಿನಗಳಲ್ಲಿ ಕೀಳಲು ಬರುತ್ತದೆ. ಸಂತೆಯಿಂದ ತಂದ ಅಡುಗೆಯ ಗಡ್ಡೆ ಮೊಳಕೆ ಒಡೆದಾಗ ಅದನ್ನೇ ಮಣ್ಣಿಗೆ ಊರುವುದುಂಟು. ಆ ಗಡ್ಡೆಗಳು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದವು, ಬಿತ್ತನೆಗೆಂದು ಪರೀಕ್ಷಿಸಿದವಲ್ಲ. ಕೊನೆ ಅಂಗಮಾರಿ ಹಿತ್ತಲನ್ನು ಪ್ರವೇಶಿಸಲು ಇದು ನೇರ ದಾರಿ.

ಲಕ್ಷಣಗಳು

ಮುಂಚಿನ ಅಂಗಮಾರಿ: ನೆಲಕ್ಕೆ ಹತ್ತಿರದ ಹಳೆಯ ಎಲೆಗಳಲ್ಲಿ ಸಣ್ಣ ಕಂದು ಚುಕ್ಕೆಗಳಾಗಿ ತೊಡಗುತ್ತದೆ. ಚುಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್‌ನಷ್ಟು ಬೆಳೆದಾಗ ಅದರೊಳಗೆ ಒಂದರೊಳಗೊಂದು ಉಂಗುರಗಳಂತೆ ಗೆರೆಗಳು ಕಾಣುತ್ತವೆ. ಸುತ್ತ ಹಳದಿ ಅಂಚು ಇರುತ್ತದೆ. ಮಚ್ಚೆ ಒಣಗಿದ್ದು, ಮುಟ್ಟಿದರೆ ಪುಡಿಯಾಗುತ್ತದೆ. ಎಲೆಗಳು ಕೆಳಗಿನಿಂದ ಮೇಲಕ್ಕೆ ಹಳದಿಯಾಗಿ ಉದುರುತ್ತವೆ. ಟೊಮೆಟೊ ಕಾಯಿಯಲ್ಲಿ ತೊಟ್ಟಿನ ಕಡೆ ಕಪ್ಪು, ತಗ್ಗಾದ, ತೊಗಲಿನಂಥ ಮಚ್ಚೆ ಬರುತ್ತದೆ. ಎಳೆ ಸಸಿಯಲ್ಲಿ ಮಣ್ಣಿನ ಮಟ್ಟದ ಕಾಂಡ ಕಪ್ಪಾಗಿ ಸೊರಗುವುದೂ ಇದೆ. ಎಲೆ ಉದುರಿ ಬೋಳಾದ ಗಿಡದ ಕಾಯಿ ಬಿಸಿಲಿಗೆ ಸುಟ್ಟು ಬಿಳಿಚಿಕೊಳ್ಳುತ್ತದೆ.

ಕೊನೆ ಅಂಗಮಾರಿ: ಗಿಡದ ಯಾವ ಎತ್ತರದಲ್ಲಾದರೂ, ಎಳೆ ಎಲೆಯಲ್ಲೂ ಕಾಣಿಸಬಹುದು. ಎಲೆಯ ಅಂಚಿನಲ್ಲೋ ತುದಿಯಲ್ಲೋ ನೀರಲ್ಲಿ ನೆನೆದಂಥ ಮಂಕು ಹಸಿರು ಮಚ್ಚೆ ಮೂಡಿ, ಒಂದೆರಡು ದಿನಗಳಲ್ಲಿ ಕಂದು, ಕಪ್ಪಾಗಿ ಹರಡುತ್ತದೆ. ಉಂಗುರ ಗೆರೆಗಳಿರುವುದಿಲ್ಲ. ತೇವವಿರುವ ಬೆಳಿಗ್ಗೆ ಎಲೆಯನ್ನು ತಿರುವಿ ನೋಡಿದರೆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟಿನ ತೆಳು ಗೆರೆ ಕಾಣುತ್ತದೆ. ಬಿಸಿಲೇರಿದ ಮೇಲೆ ಅದು ಅಡಗುತ್ತದೆ. ಕಾಂಡ ಮತ್ತು ಎಲೆತೊಟ್ಟಿನ ಮೇಲೆ ಉದ್ದನೆಯ ಕಪ್ಪು ಪಟ್ಟೆಗಳು ಬರುತ್ತವೆ. ಟೊಮೆಟೊ ಕಾಯಿಯ ಹೆಗಲ ಭಾಗದಲ್ಲಿ ಎಣ್ಣೆ ಸವರಿದಂಥ ಕಂದು ಮಚ್ಚೆ ಬೆಳೆದರೂ ಕಾಯಿ ಗಟ್ಟಿಯಾಗಿಯೇ ಇರುತ್ತದೆ. ಹವೆ ಅನುಕೂಲವಾದರೆ ವಾರ, ಹತ್ತು ದಿನಗಳಲ್ಲಿ ಇಡೀ ಗಿಡ ಕರಕಲಾಗುತ್ತದೆ.

ಆಲೂಗಡ್ಡೆಯಲ್ಲಿ: ಕೊನೆ ಅಂಗಮಾರಿ ತಗುಲಿದ ಗಡ್ಡೆಯ ಸಿಪ್ಪೆಯ ಮೇಲೆ ನೇರಳೆ ಛಾಯೆಯ ತಗ್ಗು ಕಲೆ ಇರುತ್ತದೆ, ಕೊಯ್ದರೆ ಸಿಪ್ಪೆಯ ಕೆಳಗೆ ಇಟ್ಟಿಗೆ ಬಣ್ಣದ ಒಣ ಕೊಳೆತ ಒಳಮುಖವಾಗಿ ಹರಡಿರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಸೇರಿದರೆ ಗಡ್ಡೆ ನೀರಾಗಿ ನಾರುತ್ತದೆ. ಮುಂಚಿನ ಅಂಗಮಾರಿಯ ಗಡ್ಡೆಯಲ್ಲಿ ಕಲೆ ಕಪ್ಪಾಗಿ, ಅಂಚು ಉಬ್ಬಿ, ಒಳಭಾಗ ಬೆಂಡಿನಂತೆ ಒಣಗಿರುತ್ತದೆ.

ತಪ್ಪಾಗಿ ಗುರುತಿಸುವ ಬಾಧೆಗಳು

ಅಂಗಮಾರಿಯೆಂದು ಭಾವಿಸಿ ಬೇರೆ ಬಾಧೆಗೆ ಶಿಲೀಂಧ್ರನಾಶಕ ಸಿಂಪಡಿಸಿದರೆ ಪ್ರಯೋಜನವಿಲ್ಲ. ಸಾಮಾನ್ಯವಾಗಿ ಗೊಂದಲಕ್ಕೆ ಕಾರಣವಾಗುವವು ಇವು:

ರಂಗೋಲಿ ಹುಳು: ಎಲೆಯ ಮೇಲೆ ಬಿಳಿ ಅಂಕುಡೊಂಕು ಗೆರೆಗಳು. ಇದು ಕೀಟಬಾಧೆ.

ಎಲೆ ಮುಟುರು ರೋಗ: ಬಿಳಿನೊಣದಿಂದ ಹರಡುವ ವೈರಸ್. ಎಲೆ ಮುದುಡಿ ಗಿಡ ಕುಬ್ಜವಾಗುತ್ತದೆ, ಮಚ್ಚೆ ಇರುವುದಿಲ್ಲ.

ದುಂಡಾಣು ಎಲೆಚುಕ್ಕೆ: ಸಣ್ಣ, ಜಿಡ್ಡಾದ ಕಪ್ಪು ಚುಕ್ಕೆಗಳು, ಉಂಗುರವಾಗಲಿ ಬೂಷ್ಟಾಗಲಿ ಇಲ್ಲ.

ದುಂಡಾಣು ಸೊರಗು ರೋಗ: ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಬಾಡುತ್ತದೆ.

ಕಾಯಿಯ ತಳ ಕಪ್ಪಾಗುವುದು: ತೊಟ್ಟಿನ ಎದುರು ತುದಿ ಚಪ್ಪಟೆಯಾಗಿ ಕಪ್ಪಾಗುತ್ತದೆ. ನೀರು ಹೆಚ್ಚು ಕಡಿಮೆಯಾಗಿ ಕಾಯಿಗೆ ಸುಣ್ಣದ ಅಂಶ ಸಿಗದಿರುವುದು ಕಾರಣ, ಇದು ರೋಗವಲ್ಲ.

ಅನುಮಾನವಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಚ್ಚೆಯಿರುವ ಎಲೆಯನ್ನು ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ನೆರಳಿನ ತಂಪು ಜಾಗದಲ್ಲಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಎಲೆಯ ಕೆಳಭಾಗದಲ್ಲಿ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು ಮೂಡಿದ್ದರೆ ಅದು ಕೊನೆ ಅಂಗಮಾರಿಯ ಬಲವಾದ ಸೂಚನೆ. ಉಂಗುರ ಗೆರೆಗಳನ್ನು ನೋಡಲು ಸಾಮಾನ್ಯ ಭೂತಗನ್ನಡಿ ಸಾಕು.

ಕಣ್ಗಾವಲು

ಕಣ್ಗಾವಲಿನಲ್ಲಿ ಗಿಡದ ತಪಾಸಣೆ ಮತ್ತು ಹವೆಯ ಗಮನ ಎಂಬ ಎರಡು ಭಾಗಗಳಿವೆ.

ಗಿಡದ ತಪಾಸಣೆಯನ್ನು ಒಣ ದಿನಗಳಲ್ಲಿ ವಾರಕ್ಕೆ ಎರಡು ಬಾರಿ, ಮೋಡ ಕವಿದಿರುವಾಗ ದಿನವೂ, ಇಬ್ಬನಿ ಆರುವ ಮುನ್ನ ಮಾಡಬೇಕು. ಪ್ರತಿ ಗಿಡದಲ್ಲೂ ನೆಲಕ್ಕೆ ಹತ್ತಿರದ ಎರಡು ಮೂರು ಎಲೆ, ನಡುವಿನ ಒತ್ತಾದ ಭಾಗ ಮತ್ತು ತುದಿ ಚಿಗುರನ್ನು ನೋಡಿ, ಎಲೆಯ ಕೆಳಭಾಗವನ್ನು ತಿರುವಿ ಪರೀಕ್ಷಿಸಬೇಕು. ಗೋಡೆಯ ಮಗ್ಗುಲು, ಮರದ ನೆರಳು, ಬಚ್ಚಲ ನೀರು ಹರಿಯುವ ಜಾಗಗಳಲ್ಲಿ ತೇವ ಹೆಚ್ಚು ಹೊತ್ತು ಉಳಿಯುವುದರಿಂದ ರೋಗವನ್ನು ಮೊದಲು ಅಲ್ಲಿ ಹುಡುಕಬೇಕು. ಒದ್ದೆ ಎಲೆಗಳನ್ನು ಮುಟ್ಟಿದ ಕೈಯಿಂದ ಇನ್ನೊಂದು ಗಿಡ ಮುಟ್ಟಿದರೆ ಬೀಜಕಣ ದಾಟುತ್ತದೆ; ಸಂಶಯದ ಗಿಡವನ್ನು ಕೊನೆಗೆ ಪರೀಕ್ಷಿಸಿ ಕೈ ತೊಳೆಯುವುದು ಕ್ರಮ.

ಹವೆಯ ಆಧಾರದ ಮುನ್ಸೂಚನೆಗೆ ದೀರ್ಘ ಇತಿಹಾಸವಿದೆ. ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ, 1956ರ ಸ್ಮಿತ್ ಸೂತ್ರದ ಬದಲು 2017ರಲ್ಲಿ ಹಟನ್ ಸೂತ್ರ ಬಂತು. ಅದರಂತೆ ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ಕನಿಷ್ಠ 6 ಗಂಟೆ ಗಾಳಿಯ ಆರ್ದ್ರತೆ ಶೇ 90 ಅಥವಾ ಹೆಚ್ಚಿದ್ದರೆ ಕೊನೆ ಅಂಗಮಾರಿಯ ಅಪಾಯವಿದೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಭಾರತಕ್ಕೆಂದು ‘ಇಂಡೋ–ಬ್ಲೈಟ್‌ಕಾಸ್ಟ್’ ಎಂಬ ಮುನ್ಸೂಚನಾ ವ್ಯವಸ್ಥೆಯನ್ನು ರೂಪಿಸಿದೆ. ವಿಜಯನಗರ ಜಿಲ್ಲೆಯಲ್ಲಿ ಕನಿಷ್ಠ ಉಷ್ಣಾಂಶದ ಷರತ್ತು ಹೆಚ್ಚುಕಡಿಮೆ ವರ್ಷವಿಡೀ ಪೂರೈಸಿಯೇ ಇರುತ್ತದೆ. ಇಲ್ಲಿ ರೋಗವನ್ನು ತಡೆಹಿಡಿಯುವುದು ಹಗಲಿನ ಬಿಸಿಲು ಮತ್ತು ಒಣ ಗಾಳಿ. ಹಾಗಾಗಿ ಈ ಸೀಮೆಯಲ್ಲಿ ಗಮನಿಸಬೇಕಾದ್ದು ತೇವದ ಅವಧಿ ಮತ್ತು ಹಗಲಿನ ಗರಿಷ್ಠ ಉಷ್ಣಾಂಶ.

ಉಪಕರಣವಿಲ್ಲದೆ ತೇವದ ಅವಧಿಯನ್ನು ಅಂದಾಜಿಸಬಹುದು. ರಾತ್ರಿ 10 ಗಂಟೆಗೆ ಮಳೆ ಬಿದ್ದು, ಬೆಳಿಗ್ಗೆ 9ಕ್ಕೂ ಎಲೆ ಒದ್ದೆಯಾಗಿದ್ದರೆ ತೇವ 11 ಗಂಟೆ ನಿಂತಂತೆ. ಸೋಂಕಿಗೆ ಅದು ಧಾರಾಳ. ಇಂಥ ಎರಡು ದಿನ ಸತತವಾಗಿ ಬಂದು, ಹಗಲು ಬಿಸಿಲು ಕಾಣದೆ ತಂಪಾಗಿದ್ದರೆ ಕೊನೆ ಅಂಗಮಾರಿಗೆ ಸಜ್ಜಾಗಬೇಕು. ಹಗಲು ಬೆಚ್ಚಗಿದ್ದು ರಾತ್ರಿ ಮಾತ್ರ ಒದ್ದೆಯಾಗಿದ್ದರೆ ಮುಂಚಿನ ಅಂಗಮಾರಿಯ ಸಾಧ್ಯತೆ ಹೆಚ್ಚು. ಮಳೆ ಮಾಹಿತಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ, ಮುನ್ಸೂಚನೆಗೆ ಭಾರತೀಯ ಹವಾಮಾನ ಇಲಾಖೆಯ ಕೃಷಿ ಹವಾಮಾನ ಪ್ರಕಟಣೆಗಳು ಮತ್ತು 2019ರಲ್ಲಿ ಬಂದ ‘ಮೇಘದೂತ್’ ಆ್ಯಪ್ ಲಭ್ಯ ಇವೆ.

ತಡೆಗಟ್ಟುವ ಬೇಸಾಯ ಕ್ರಮಗಳು

ಜಾಗ ಮತ್ತು ಬೆಳೆ ಸರದಿ: ಬೆಳಗಿನ ಬಿಸಿಲು ಬೀಳುವ, ಗಾಳಿಯಾಡುವ ಜಾಗ ಉತ್ತಮ. ಒಂದೇ ಮಡಿಯಲ್ಲಿ ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿಗಳನ್ನು ಒಂದರ ಹಿಂದೊಂದು ಹಾಕಬಾರದು. ಎರಡು ಮೂರು ವರ್ಷ ಅಲ್ಲಿ ಬೆಂಡೆ, ಚವಳಿಕಾಯಿ, ಅಲಸಂದೆ, ಮೆಂತ್ಯ, ಉಳ್ಳಾಗಡ್ಡಿಯಂಥ ಬೆಳೆ ಬರಬೇಕು. ಜಾಗ ಕಡಿಮೆಯಿದ್ದರೆ ಹೊಸ ಮಣ್ಣು ತುಂಬಿದ ಕುಂಡಗಳಲ್ಲಿ ಬೆಳೆಯಬಹುದು.

ಬೀಜ ಮತ್ತು ಸಸಿ: ರೋಗದ ಗಿಡದ ಹಣ್ಣಿನಿಂದ ಬೀಜ ತೆಗೆಯಬಾರದು. ಮನೆಯ ಬೀಜವನ್ನು 50 ಡಿಗ್ರಿ ಬಿಸಿನೀರಿನಲ್ಲಿ 25 ನಿಮಿಷ ಇಟ್ಟು ಒಣಗಿಸಿ, ಬಳಿಕ ಪ್ರತಿ ಕಿಲೊಗೆ 4 ಗ್ರಾಂ ಪ್ರಮಾಣದಲ್ಲಿ ಟ್ರೈಕೊಡರ್ಮಾ ಸವರಿ ಬಿತ್ತಬಹುದು. ನರ್ಸರಿಯ ಟ್ರೇ ಸಸಿಗಳನ್ನು ತರುವಾಗ ಕೆಳ ಎಲೆ ಮತ್ತು ಕಾಂಡದ ಬುಡ ನೋಡಬೇಕು. ಆಲೂಗಡ್ಡೆಗೆ ಪ್ರಮಾಣಿತ ಬಿತ್ತನೆ ಗಡ್ಡೆ ಬಳಸಬೇಕು. ಕಲೆ, ತಗ್ಗು ಇರುವ ಗಡ್ಡೆಗಳನ್ನು ಆರಿಸಿ ತೆಗೆಯಬೇಕು.

ಅಂತರ ಮತ್ತು ಆಧಾರ: ಟೊಮೆಟೊ ಸಾಲುಗಳ ನಡುವೆ 90 ಸೆಂಟಿಮೀಟರ್, ಗಿಡಗಳ ನಡುವೆ 45ರಿಂದ 60 ಸೆಂಟಿಮೀಟರ್ ಬಿಟ್ಟರೆ ಗಾಳಿ ಆಡುತ್ತದೆ. ನೆಟ್ಟ ಮೂರು ನಾಲ್ಕು ವಾರಗಳಲ್ಲಿ ಕೋಲು ಕೊಟ್ಟು ಕಟ್ಟಬೇಕು. ಮೊದಲ ಗೊಂಚಲು ಕಟ್ಟಿದ ಮೇಲೆ ನೆಲದಿಂದ ಸುಮಾರು 30 ಸೆಂಟಿಮೀಟರ್‌ವರೆಗಿನ ಎಲೆಗಳನ್ನು ಒಣ ದಿನದಲ್ಲಿ ತೆಗೆದರೆ ಮಣ್ಣಿನಿಂದ ಚಿಮ್ಮುವ ಬೀಜಕಣಗಳಿಗೆ ನೆಲೆ ಸಿಗುವುದಿಲ್ಲ.

ಹೊದಿಕೆ: ಬುಡದ ಮಣ್ಣಿನ ಮೇಲೆ ಶೇಂಗಾ ಹೊಟ್ಟು, ಜೋಳದ ಸೊಪ್ಪೆ ಅಥವಾ ಒಣ ಹುಲ್ಲನ್ನು ನಾಲ್ಕೈದು ಬೆರಳು ದಪ್ಪ ಹರಡುವುದರಿಂದ ಮಳೆಹನಿ ಮಣ್ಣನ್ನು ಚಿಮ್ಮಿಸುವುದು ತಪ್ಪುತ್ತದೆ, ಬೇಸಿಗೆಯಲ್ಲಿ ತೇವವೂ ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು. ಟೊಮೆಟೊ, ಬದನೆಯ ಕಡ್ಡಿಗಳನ್ನು ಹೊದಿಕೆಗೆ ಬಳಸಬಾರದು.

ನೀರು: ಪೈಪಿನಿಂದ ಗಿಡದ ತಲೆಯ ಮೇಲೆ ನೀರು ಹೊಡೆಯುವುದು ರೋಗ ಹರಡುವ ಮುಖ್ಯ ಕಾರಣಗಳಲ್ಲೊಂದು. ಚೆಂಬಿನಿಂದ ಬುಡಕ್ಕೆ ಅಥವಾ ಹನಿ ನೀರಾವರಿಯಿಂದ ಬೆಳಿಗ್ಗೆ ಕೊಡಬೇಕು. ಸಂಜೆ ನೀರು ಕೊಟ್ಟರೆ ರಾತ್ರಿಯ ತೇವ ಹೆಚ್ಚುತ್ತದೆ. ಎರೆ ಭೂಮಿಯಲ್ಲಿ ಏರು ಮಡಿ ಮಾಡಿ ನೀರು ಬಸಿಯಲು ದಾರಿ ಇರಬೇಕು.

ಪೋಷಣೆ: ಸಾರಜನಕ ಮತ್ತು ಪೊಟ್ಯಾಷ್ ಕೊರತೆಯಿಂದ ಬಳಲಿದ, ಕಾಯಿ ಭಾರ ಹೊತ್ತ ಗಿಡಕ್ಕೆ ಮುಂಚಿನ ಅಂಗಮಾರಿ ಬೇಗ ತಗಲುತ್ತದೆ. ಸಾರಜನಕ ಅತಿಯಾಗಿ ಒತ್ತಾಗಿ ಬೆಳೆದ ಗಿಡದೊಳಗೆ ತೇವ ನಿಂತು ಕೊನೆ ಅಂಗಮಾರಿ ಹೆಚ್ಚುತ್ತದೆ. ಕೊಳೆತ ತಿಪ್ಪೆ ಗೊಬ್ಬರವನ್ನು ಮಿತವಾಗಿ, ಹಂತ ಹಂತವಾಗಿ ಕೊಡುವುದು ಸೂಕ್ತ.

ಆಲೂಗಡ್ಡೆಗೆ ಮಣ್ಣು ಏರಿಸುವುದು: ನೆಟ್ಟ ಸುಮಾರು 30 ದಿನಗಳಿಗೆ ಸಾಲಿನ ಬುಡಕ್ಕೆ ಮಣ್ಣು ಏರಿಸಿದರೆ ಎಲೆಯಿಂದ ತೊಳೆದುಬರುವ ಬೀಜಕಣ ಗಡ್ಡೆಯನ್ನು ಮುಟ್ಟುವುದಿಲ್ಲ, ಗಡ್ಡೆ ಬಿಸಿಲಿಗೆ ಹಸಿರಾಗುವುದೂ ತಪ್ಪುತ್ತದೆ.

ಕಳೆ ಮತ್ತು ಮಣ್ಣು: ಗಣಿಕೆ ಗಿಡ, ತಾನೇ ಹುಟ್ಟಿದ ಟೊಮೆಟೊ, ಅಗೆಯುವಾಗ ಉಳಿದ ಗಡ್ಡೆಯ ಮೊಳಕೆಗಳನ್ನು ಹೊಸ ಬೆಳೆಗೆ ಮುನ್ನ ಕಿತ್ತು ಹಾಕಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಮಡಿಗೆ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಟ್ಟರೆ ಈ ಸೀಮೆಯ ಬಿಸಿಲಿಗೆ ಮೇಲ್ಪದರದ ರೋಗಕಾರಕಗಳು ಬಹಳಷ್ಟು ಸಾಯುತ್ತವೆ.

ಔಷಧ ಸಿಂಪಡಣೆ

ಬೋರ್ಡೋ ದ್ರಾವಣ ಅಂಗಮಾರಿಗೆ ಬಳಸುವ ಹಳೆಯ ಔಷಧ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಇದರ ಗುಣವನ್ನು ಕಂಡ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕೆಲಸದಿಂದಾಗಿ 20ನೇ ಶತಮಾನದ ಆರಂಭದಲ್ಲಿ ಅದು ಮಲೆನಾಡಿನ ಅಡಿಕೆ ತೋಟಗಳಲ್ಲಿ ಬಳಕೆಗೆ ಬಂತು.

ಕೈತೋಟಕ್ಕೆ ಶೇ 1ರ 5 ಲೀಟರ್ ದ್ರಾವಣ ಮಾಡಲು 50 ಗ್ರಾಂ ಮೈಲುತುತ್ತವನ್ನು ಎರಡೂವರೆ ಲೀಟರ್ ನೀರಿನಲ್ಲಿ, 50 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೆರಡೂವರೆ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಮಣ್ಣಿನದಾಗಿರಬೇಕು. ಕಬ್ಬಿಣ, ತಗಡು ಕೂಡದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಸರಿಯಾದ ದ್ರಾವಣ ತಿಳಿನೀಲಿಯಾಗಿರುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅದಕ್ಕೆ ಕೆಂಪು ತಾಮ್ರದ ಲೇಪ ಅಂಟಿದ್ದರೆ ಆಮ್ಲ ಉಳಿದಿದೆ ಎಂದರ್ಥ; ಲೇಪ ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಇಲ್ಲದಿದ್ದರೆ ಎಲೆ ಸುಡುತ್ತದೆ. ದ್ರಾವಣವನ್ನು ಅದೇ ದಿನ ಬಳಸಬೇಕು. ಎಳೆ ಸಸಿಗಳಿಗೆ ಶೇ 0.5ರ ದ್ರಾವಣ ಸಾಕು. ತಾಮ್ರ ಮಣ್ಣಿನಲ್ಲಿ ಶೇಖರವಾಗುತ್ತದೆ, ಮೀನುಗಳಿಗೆ ವಿಷ. ಬಾವಿ, ಕೆರೆ, ತೊಟ್ಟಿಗಳ ಹತ್ತಿರ ಸಿಂಪಡಿಸಬಾರದು.

ಮಾರುಕಟ್ಟೆಯ ಸ್ಪರ್ಶ ಔಷಧಗಳಲ್ಲಿ ಪ್ರತಿ ಲೀಟರ್ ನೀರಿಗೆ ತಾಮ್ರದ ಆಕ್ಸಿಕ್ಲೋರೈಡ್ 3 ಗ್ರಾಂ, ಮ್ಯಾಂಕೊಜೆಬ್ 2ರಿಂದ 2.5 ಗ್ರಾಂ ಅಥವಾ ಕ್ಲೋರೊಥಲೊನಿಲ್ 2 ಗ್ರಾಂ ಬಳಕೆಯಲ್ಲಿವೆ. ಇವು ರೋಗ ಬರುವ ಮುನ್ನ ಕೆಲಸ ಮಾಡುತ್ತವೆ; ಎಲೆಯ ಎರಡೂ ಬದಿ ನೆನೆಯಬೇಕು; ತೇವದ ದಿನಗಳಲ್ಲಿ 7ರಿಂದ 10 ದಿನಕ್ಕೊಮ್ಮೆ, ಜೋರು ಮಳೆಗೆ ತೊಳೆದುಹೋದರೆ ಮತ್ತೊಮ್ಮೆ ಸಿಂಪಡಿಸಬೇಕಾಗುತ್ತದೆ. ಕೊನೆ ಅಂಗಮಾರಿ ಕಾಣಿಸಿದ ಮೇಲೆ ಸೈಮಾಕ್ಸನಿಲ್ ಮತ್ತು ಮ್ಯಾಂಕೊಜೆಬ್ ಮಿಶ್ರಣ 2ರಿಂದ 3 ಗ್ರಾಂ ಅಥವಾ ಡೈಮೆಥೊಮಾರ್ಫ್ 1 ಗ್ರಾಂ ಶಿಫಾರಸಿನಲ್ಲಿವೆ. ಮೆಟಲಾಕ್ಸಿಲ್‌ಗೆ ಪ್ರತಿರೋಧ ಬೆಳೆದಿರುವುದರಿಂದ ಅದನ್ನೊಂದನ್ನೇ ನೆಚ್ಚುವಂತಿಲ್ಲ. ಅಂತರ್ವ್ಯಾಪಿ ಔಷಧವನ್ನು ಮೇಲಿಂದ ಮೇಲೆ ಒಂದೇ ಬಳಸದೆ ಬದಲಿಸುತ್ತಿರಬೇಕು.

ಪೊಟ್ಟಣದ ಚೀಟಿಯಲ್ಲಿ ಬೆಳೆಯ ಹೆಸರು, ಪ್ರಮಾಣ ಮತ್ತು ಸಿಂಪಡಣೆಯ ಬಳಿಕ ಕೊಯ್ಲಿಗೆ ಕಾಯಬೇಕಾದ ದಿನಗಳು ಇರುತ್ತವೆ. ದಿನ ಬಿಟ್ಟು ದಿನ ಹಣ್ಣು ಕೀಳುವ ಕೈತೋಟದಲ್ಲಿ ಈ ಕಾಯುವ ಅವಧಿ ಮುಖ್ಯ. ಪೊಟ್ಟಣದ ಮೇಲಿನ ತ್ರಿಕೋನ ವಿಷದ ಮಟ್ಟ ಹೇಳುತ್ತದೆ: ಕೆಂಪು ಅತಿ ಹೆಚ್ಚು, ನಂತರ ಹಳದಿ, ನೀಲಿ, ಹಸಿರು.

ಜೈವಿಕ ಔಷಧಗಳಲ್ಲಿ ಟ್ರೈಕೊಡರ್ಮಾ, ಸ್ಯೂಡೊಮೊನಾಸ್ ಮತ್ತು ಬ್ಯಾಸಿಲಸ್ ತಯಾರಿಕೆಗಳು ಸಸಿಮಡಿ ಮತ್ತು ಮಣ್ಣಿಗೆ ಉಪಯುಕ್ತ. ಹಬ್ಬಿದ ಕೊನೆ ಅಂಗಮಾರಿಯನ್ನು ನಿಲ್ಲಿಸಲು ಇವು ಸಾಲುವುದಿಲ್ಲ. ಬೇವಿನ ಎಣ್ಣೆಯ ಮುಖ್ಯ ಉಪಯೋಗ ಕೀಟಗಳ ಮೇಲೆ. ಹುಳಿ ಮಜ್ಜಿಗೆ, ಗೋಮೂತ್ರಗಳ ಸಿಂಪಡಣೆ ರೂಢಿಯಲ್ಲಿದ್ದರೂ ಕೊನೆ ಅಂಗಮಾರಿಯ ಮಟ್ಟಿಗೆ ಅವು ಶಿಲೀಂಧ್ರನಾಶಕಕ್ಕೆ ಬದಲಿಯಲ್ಲ.

ರೋಗ ಕಂಡ ಮೇಲಿನ ಕ್ರಮ

ಮುಂಚಿನ ಅಂಗಮಾರಿಯಲ್ಲಿ ಮಚ್ಚೆಯ ಎಲೆಗಳನ್ನು ಒಣ ಹೊತ್ತಿನಲ್ಲಿ ಕತ್ತರಿಸಿ ತೆಗೆದು, ಉಳಿದ ಗಿಡಕ್ಕೆ ಸ್ಪರ್ಶ ಔಷಧ ಸಿಂಪಡಿಸಿ, ಮೇಲುಗೊಬ್ಬರ ಕೊಟ್ಟರೆ ಗಿಡ ಮುಂದುವರಿಯುತ್ತದೆ. ಕೊನೆ ಅಂಗಮಾರಿಯಲ್ಲಿ ಒಂದೆರಡು ಗಿಡಗಳಿಗಷ್ಟೇ ತಗುಲಿದ್ದರೆ ಆ ಗಿಡಗಳನ್ನು ಚೀಲದಲ್ಲಿ ಮುಚ್ಚಿ ಬೇರುಸಹಿತ ಕಿತ್ತು ತೆಗೆಯುವುದು ಪಕ್ಕದ ಹಿತ್ತಲುಗಳಿಗೂ ಕ್ಷೇಮ. ರೋಗದ ಎಲೆ, ಕಾಯಿಗಳನ್ನು ತಿಪ್ಪೆಗೆ ಎಸೆಯಬಾರದು: ಆಲ್ಟರ್ನೇರಿಯಾ ಒಣ ಕಸದಲ್ಲೇ ಉಳಿದು ಗೊಬ್ಬರದ ಜೊತೆ ಮಡಿಗೆ ಮರಳುತ್ತದೆ. ಒಂದೆರಡು ಅಡಿ ಆಳಕ್ಕೆ ಹೂಳುವುದು ಅಥವಾ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡುವುದು ಸರಿಯಾದ ವಿಲೇವಾರಿ.

ಆಲೂಗಡ್ಡೆ ಗಿಡಕ್ಕೆ ರೋಗ ತಗುಲಿದ್ದು ಗಡ್ಡೆ ಬಲಿತಿದ್ದರೆ, ಮೇಲಿನ ಹಂಬನ್ನು ಕೊಯ್ದು ತೆಗೆದು 10ರಿಂದ 15 ದಿನ ಬಿಟ್ಟು ಒಣ ಹವೆಯಲ್ಲಿ ಅಗೆಯಬೇಕು. ಅಷ್ಟರಲ್ಲಿ ಗಡ್ಡೆಯ ಸಿಪ್ಪೆ ಗಟ್ಟಿಯಾಗುತ್ತದೆ, ಮೇಲ್ಮಣ್ಣಿನ ಬೀಜಕಣಗಳು ಸಾಯುತ್ತವೆ. ಕಲೆಯಿಲ್ಲದ ಗಡ್ಡೆಗಳನ್ನಷ್ಟೇ ಕತ್ತಲು, ಗಾಳಿಯಾಡುವ ಜಾಗದಲ್ಲಿಟ್ಟು ವಾರಕ್ಕೊಮ್ಮೆ ಆರಿಸಬೇಕು. ಅಂಗಮಾರಿಯ ಜೀವಿಗಳು ಮನುಷ್ಯರಿಗೆ ಸೋಂಕು ತರುವುದಿಲ್ಲ. ಆದರೂ ಕೊಳೆತ ಕಾಯಿ, ಗಡ್ಡೆ ಅಡುಗೆಗೆ ತಕ್ಕುದಲ್ಲ.

ರೋಗ ನಿರೋಧಕ ತಳಿಗಳು

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಮತ್ತು ‘ಅರ್ಕಾ ಸಾಮ್ರಾಟ್’ ಟೊಮೆಟೊ ಸಂಕರಣಗಳು ಎಲೆ ಮುಟುರು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯುತ್ತವೆ. ಅದೇ ಸಂಸ್ಥೆಯ ‘ಅರ್ಕಾ ಅಭೇದ್’ ಇವುಗಳ ಜೊತೆ ಕೊನೆ ಅಂಗಮಾರಿಗೂ ನಿರೋಧಕ. ಇವು ಸಂಕರಣ ತಳಿಗಳಾದ್ದರಿಂದ ಮನೆಯಲ್ಲಿ ತೆಗೆದ ಬೀಜದ ಗಿಡಗಳಲ್ಲಿ ಅದೇ ಗುಣ ಉಳಿಯುವ ಖಾತರಿಯಿಲ್ಲ. ಆಲೂಗಡ್ಡೆಯಲ್ಲಿ ಹಾಸನದಲ್ಲಿ ಬಹುಕಾಲ ಬಳಕೆಯಲ್ಲಿದ್ದ, 1968ರ ‘ಕುಫ್ರಿ ಜ್ಯೋತಿ’ ತಳಿಯ ನಿರೋಧಕ ಶಕ್ತಿ ಈಗ ಕುಂದಿದೆ. ‘ಕುಫ್ರಿ ಹಿಮಾಲಿನಿ’, ‘ಕುಫ್ರಿ ಗಿರಿಧಾರಿ’, ‘ಕುಫ್ರಿ ಕರಣ್’ ತಳಿಗಳಿಗೆ ಹೆಚ್ಚು ಸಹನೆಯಿದೆ. ನಿರೋಧಕ ತಳಿಗೂ ಕಣ್ಗಾವಲು ಬೇಕು. ರೋಗಕಾರಕದ ಹೊಸ ವಂಶಗಳು ಆ ಶಕ್ತಿಯನ್ನು ಮುರಿಯಬಲ್ಲವು.

ಸದ್ಯದ ಸ್ಥಿತಿ

ಹಾಸನದಲ್ಲಿ ಅಂಗಮಾರಿ, ಬಿತ್ತನೆ ಗಡ್ಡೆಯ ಗುಣಮಟ್ಟ ಮತ್ತು ಬೆಲೆಯ ಏರಿಳಿತಗಳಿಂದ ಆಲೂಗಡ್ಡೆಯ ವಿಸ್ತೀರ್ಣ ಬಹಳ ಕುಗ್ಗಿದೆ. ಬೇರು ಬಿಟ್ಟ ತುದಿ ಕಾಂಡಗಳಿಂದ ಸ್ಥಳೀಯವಾಗಿ ಆರೋಗ್ಯಕರ ಬಿತ್ತನೆ ಗಡ್ಡೆ ತಯಾರಿಸುವ ವಿಧಾನವನ್ನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವು ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದೊಂದಿಗೆ ಅಲ್ಲಿ ಪ್ರಚಾರಕ್ಕೆ ತಂದಿದೆ.

ವಿಜಯನಗರ ಜಿಲ್ಲೆಯ ಐದು ತಾಲೂಕುಗಳಲ್ಲಿ ಸಲಹೆಗೆ ತಾಲೂಕು ತೋಟಗಾರಿಕೆ ಇಲಾಖೆ ಕಚೇರಿಗಳು, ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳು ಹಾಗೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಘಟಕಗಳಿವೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್‌ನಲ್ಲಿ ಕನ್ನಡದಲ್ಲೂ ಉತ್ತರ ಸಿಗುತ್ತದೆ. ಈ ಸೇವೆಗಳ ಶಿಫಾರಸುಗಳು ಬಹುತೇಕ ಎಕರೆ ಲೆಕ್ಕದ ಬೆಳೆಗೆ ಸಂಬಂಧಿಸಿದವು. ಹತ್ತಾರು ಗಿಡಗಳ ಕೈತೋಟಕ್ಕೆ ಅವನ್ನು ಲೀಟರ್ ಮತ್ತು ಗ್ರಾಂ ಲೆಕ್ಕಕ್ಕೆ ಇಳಿಸಿಕೊಳ್ಳಬೇಕಾಗುತ್ತದೆ. ಈ ಸೀಮೆಯ ಒಣ ಹವೆಯಲ್ಲಿ ಬುಡಕ್ಕೆ ನೀರು, ಹೊದಿಕೆ, ಕೋಲು, ಬೆಳೆ ಸರದಿ ಮತ್ತು ಶುದ್ಧ ಬೀಜ ಎಂಬ ಐದು ಕ್ರಮಗಳನ್ನು ಪಾಲಿಸಿದ ಕೈತೋಟದಲ್ಲಿ ಔಷಧದ ಅಗತ್ಯ ಸಾಮಾನ್ಯವಾಗಿ ಮಳೆ ಹಿಡಿದ ದಿನಗಳಿಗಷ್ಟೇ ಸೀಮಿತವಾಗುತ್ತದೆ.